ದೋಣಿಯ ತಳ ಒಣಗಿದ್ದು ಹೀಗೆ

ಕೃಷ್ಣೆಗೆ ಕಟ್ಟಿದ ನಾರಾಯಣಪುರದ ಬಸವಸಾಗರ ಜಲಾಶಯದಲ್ಲಿ ನಮ್ಮ ಡೀಸೆಲ್ ದೋಣಿ ಓಡುತ್ತದೆ. ಎಷ್ಟು ಬಳಿದರೂ ಎಂಜಿನ್ ಕೆಳಗೆ ಮತ್ತೆ ಎಣ್ಣೆನೀರು ನಿಲ್ಲುತ್ತಿತ್ತು, ನಾತ ಬೇರೆ.

ತಳವನ್ನು ಪೂರ್ತಿ ಒರೆಸಿ, ಮೇಲೆ ಪೇಪರ್ ಹಾಸಿದೆ. ನೀರು ಎಲ್ಲಿಂದ ಬರುತ್ತದೆ ಅಂತ ಗೊತ್ತಾಗಬೇಕಲ್ವಾ? ಪ್ರೊಪೆಲ್ಲರನ್ನು ತಿರುಗಿಸುವ ಕಂಬಿ, ಅಂದರೆ ಶಾಫ್ಟ್, ಒಳಬರುವ ಜಾಗದಲ್ಲೇ ಒದ್ದೆ. ಅಲ್ಲಿ ನೀರು ತಡೆಯುವ ಹಗ್ಗದಂಥ ಪ್ಯಾಕಿಂಗ್ ಸವೆದಿತ್ತು. ದೋಣಿಯನ್ನು ದಡಕ್ಕೆ ಎಳೆದು ಹೊಸದು ಹಾಕಿದೆ. ಪ್ಯಾಕಿಂಗ್ ಒತ್ತಿ ಹಿಡಿಯುವ ನಟ್ ಮಾತ್ರ ಜಾಸ್ತಿ ಬಿಗಿಯಬಾರದು. ಶಾಫ್ಟ್ ತಿರುಗುವಾಗ ಒಂದೊಂದೇ ಹನಿ ಬೀಳಬೇಕು, ಶಾಫ್ಟನ್ನು ತಂಪಾಗಿಡುವುದು ಆ ನೀರೇ. ಎಂಜಿನ್ ನಿಂತಾಗ ಹನಿಯೂ ನಿಲ್ಲಬೇಕು.

ಎಂಜಿನ್‌ನಿಂದ ಸೋರುವ ಎಣ್ಣೆಗೆ ಕೆಳಗೊಂದು ತಗಡಿನ ತಟ್ಟೆ ಇಟ್ಟೆ. ಉಳಿದದ್ದನ್ನು ಹಳೇ ಬಟ್ಟೆಯಿಂದ ಹೀರಿಸಿ ಡಬ್ಬಿಗೆ ಹಾಕುತ್ತೇನೆ. ದಯವಿಟ್ಟು ಸೋಪಿನ ಪುಡಿ ಹಾಕಿ ತೊಳೆದು ಹೊಳೆಗೆ ಬಿಡಬೇಡಿ. ಸೋಪು ಎಣ್ಣೆಯನ್ನು ನೀರಲ್ಲಿ ಬೆರೆಸುತ್ತದೆ ಅಷ್ಟೆ. ನಮ್ಮ ಮೀನು, ಹೊಲ ಎಲ್ಲಾ ಕೃಷ್ಣೆಯ ನೀರಿನ ಮೇಲೇ ಇವೆ.

ತಳದ ನೀರು ಹೊರಹಾಕುವ ಪಂಪಿನ ಜಾಲರಿಗೆ ಬಲೆಯ ಎಳೆ ಸಿಕ್ಕಿಕೊಳ್ಳುತ್ತದೆ, ಅದನ್ನೂ ಆಗಾಗ ತೆಗೆಯಿರಿ.