ಚಳಿಗಾಲದಲ್ಲಿ ಕುದುರೆಗೆ ಎಷ್ಟು ಒಣಹುಲ್ಲು? ಮೊದಲು ಒಂದು ತಕ್ಕಡಿ ತನ್ನಿ

ಕುದುರೆ ಸಾಕಿದ ಮೊದಲ ಚಳಿಗಾಲದಲ್ಲಿ ನಾನು ಹುಲ್ಲು ಹಾಕುತ್ತಿದ್ದದ್ದು ಕಣ್ಣಳತೆಯಲ್ಲಿ. ಹುಲ್ಲಿನ ಕಟ್ಟು ಬಿಚ್ಚಿದರೆ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ ನೋಡಿ, ಆ ಪದರದ ಲೆಕ್ಕ. ಬೆಳಗ್ಗೆ ಎರಡು, ಸಂಜೆ ಎರಡು. ಕುದುರೆಗೆ ಮೈತುಂಬಾ ದಟ್ಟ ಕೂದಲು ಬೆಳೆದು ಕರಡಿಮರಿ ಥರ ದುಂಡಗೆ ಕಾಣುತ್ತಿತ್ತು, ನಾನೂ ನೆಮ್ಮದಿಯಾಗಿದ್ದೆ. ಚಳಿ ಕಳೆದು ಕೂದಲು ಉದುರತೊಡಗಿದಾಗ ನೋಡಿದರೆ ಒಳಗೆ ಪಕ್ಕೆಲುಬು ಎಣಿಸಬಹುದಿತ್ತು. ಆಮೇಲೆ ಒಂದು ಕೊಕ್ಕೆ ತಕ್ಕಡಿ ತಂದು ಪದರಗಳನ್ನು ತೂಗಿದೆ. ಒಂದು 1.3 ಕೆಜಿ, ಇನ್ನೊಂದು 2.4. ಎರಡೂ ಒಂದೇ ಕಟ್ಟಿನವು!

ಹಾಗಾಗಿ ಪದರ, ಹಿಡಿ, ತಬ್ಬು ಇವೆಲ್ಲ ಅಳತೆಯೇ ಅಲ್ಲ. ತೂಗಬೇಕು. ದಿನಾ ತೂಗುವ ಸಹನೆ ಯಾರಿಗಿದೆ ಅಂತ ಕೇಳಬೇಡಿ, ಬಲೆ ಚೀಲಕ್ಕೆ ಹುಲ್ಲು ತುಂಬಿ ತಕ್ಕಡಿಯ ಕೊಕ್ಕೆಗೆ ನೇತುಹಾಕಿ ಓದಿಕೊಳ್ಳೋಕೆ ಅರ್ಧ ನಿಮಿಷವೂ ಬೇಡ. ಒಂದು ವಾರ ಮಾಡಿದರೆ ನಿಮ್ಮ ಕೈಗೇ ತೂಕ ಗೊತ್ತಾಗುತ್ತದೆ. ಆಮೇಲೆ ಹೊಸ ಲೋಡು ಬಂದಾಗಲೆಲ್ಲ ಮತ್ತೆ ಮೂರ್ನಾಲ್ಕು ದಿನ ತೂಗಿ, ಅಷ್ಟು ಸಾಕು.

ಹುಲ್ಲಿಗಿಂತ ಮೊದಲು ಕುದುರೆಯ ತೂಕ ಬೇಕು. ದೊಡ್ಡ ತೂಕದ ಯಂತ್ರ ಎಲ್ಲರ ಹತ್ತಿರ ಇರುವುದಿಲ್ಲ, ಟೇಪು ಸಾಕು. ಮುಂಗಾಲಿನ ಹಿಂದೆ, ಹೆಗಲಿನ ಉಬ್ಬು ದಾಟಿದ ಜಾಗದಲ್ಲಿ ಎದೆಯ ಸುತ್ತಳತೆ ತೆಗೆದುಕೊಳ್ಳಿ, ಕುದುರೆ ಉಸಿರು ಬಿಟ್ಟಾಗ. ಆಮೇಲೆ ಭುಜದ ಮುಂದಿನ ಮೂಳೆಯ ತುದಿಯಿಂದ ಪೃಷ್ಠದ ಹಿಂತುದಿಯವರೆಗೆ ಉದ್ದ. ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, ಕೊನೆಗೆ 11,880ರಿಂದ ಭಾಗಿಸಿ. ಸುತ್ತಳತೆ 180, ಉದ್ದ 160 ಇದ್ದರೆ 436 ಕೆಜಿ ಬರುತ್ತದೆ. ಹತ್ತಿಪ್ಪತ್ತು ಕೆಜಿ ಆಚೀಚೆ ಆಗಬಹುದು, ಪರವಾಗಿಲ್ಲ. ಮರಿಗಳಿಗೆ ಮಾತ್ರ ಈ ಲೆಕ್ಕ ಬೇಡ.

ಈಗ ಮೂಲ ಸೂತ್ರ. ಕೆಲಸ ಜಾಸ್ತಿ ಇಲ್ಲದ, ಆರೋಗ್ಯವಾಗಿರುವ ದೊಡ್ಡ ಕುದುರೆಗೆ ದಿನಕ್ಕೆ ಅದರ ತೂಕದ 1.5ರಿಂದ 2.5 ಶೇಕಡಾ ಮೇವು ಬೇಕು. ನಡುವೆ 2 ಅಂತ ಹಿಡಿದು ಶುರು ಮಾಡಿ. ಆದರೆ ಇಲ್ಲೊಂದು ತಿರುವಿದೆ. ಈ ಲೆಕ್ಕ ನೀರಿನಂಶ ಬಿಟ್ಟ ಒಣ ತೂಕದ್ದು. ಎಷ್ಟೇ ಒಣಗಿಸಿದ ಹುಲ್ಲಲ್ಲೂ 10ರಿಂದ 15 ಶೇಕಡಾ ನೀರು ಇದ್ದೇ ಇರುತ್ತದೆ. 450 ಕೆಜಿ ಕುದುರೆಗೆ 2 ಶೇಕಡಾ ಅಂದರೆ 9 ಕೆಜಿ ಒಣ ತೂಕ, ತಕ್ಕಡಿಯಲ್ಲಿ ಅದು 10ರಿಂದ 10.6 ಕೆಜಿ ಹುಲ್ಲು. ಪ್ಲಾಸ್ಟಿಕ್‌ನಲ್ಲಿ ಸುತ್ತಿ ಹುದುಗಿಸಿದ ಅರೆಹಸಿ ಮೇವು ಹಾಕುವವರು ಇದನ್ನು ಮರೆತರೆ ಕುದುರೆ ಅರೆಹೊಟ್ಟೆಯಲ್ಲೇ ಉಳಿಯುತ್ತದೆ, ಯಾಕೆಂದರೆ ಅದರಲ್ಲಿ 40 ಶೇಕಡಾ ನೀರಿದ್ದರೆ ಅದೇ 9 ಕೆಜಿಗೆ 15 ಕೆಜಿ ತೂಗಬೇಕು.

ಇಷ್ಟು ಮಾಮೂಲಿ ದಿನಕ್ಕೆ. ಚಳಿಗೆ ಎಷ್ಟು ಸೇರಿಸಬೇಕು ಅನ್ನುವುದೇ ನಿಜವಾದ ಪ್ರಶ್ನೆ ಅಲ್ವಾ?

ಅದಕ್ಕೆ ಮುಂಚೆ, ಸೇರಿಸುವುದು ಹುಲ್ಲನ್ನೇ, ಧಾನ್ಯವನ್ನಲ್ಲ. ಚಳಿ ಬಂತು ಅಂದಕೂಡಲೇ ಒಂದು ಸೇರು ಧಾನ್ಯ ಜಾಸ್ತಿ ಸುರಿಯುವವರನ್ನು ತುಂಬಾ ನೋಡಿದ್ದೇನೆ, ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಕುದುರೆಗೆ ಒಳಗಿನ ಒಲೆ ಇರುವುದು ದೊಡ್ಡ ಕರುಳಿನಲ್ಲಿ. ಹುಲ್ಲಿನ ನಾರು ಅಲ್ಲಿಗೆ ಹೋಗಿ ಸೂಕ್ಷ್ಮಜೀವಿಗಳ ಕೈಯಲ್ಲಿ ಗಂಟೆಗಟ್ಟಲೆ ಹುದುಗುತ್ತದೆ, ಆ ಹುದುಗುವಿಕೆಯಿಂದ ಬಿಸಿ ಹುಟ್ಟುತ್ತದೆ. ಧಾನ್ಯದ ಹಿಟ್ಟಿನಂಶ ಬಹುಪಾಲು ಸಣ್ಣ ಕರುಳಲ್ಲೇ ಜೀರ್ಣವಾಗಿ ಹೋಗುತ್ತದೆ, ಅಷ್ಟು ಬಿಸಿ ಕೊಡುವುದಿಲ್ಲ. ಒಮ್ಮೆಗೇ ಜಾಸ್ತಿ ತಿಂದು ಅದು ದೊಡ್ಡ ಕರುಳಿಗೆ ಜಾರಿದರೆ ಹೊಟ್ಟೆನೋವು, ಗೊರಸಿನ ಉರಿಯೂತ ಎಲ್ಲಾ ಶುರು. ಹುಲ್ಲೇ ಸೌದೆ. ಹುದುಗೋಕೆ ಹೊತ್ತು ಬೇಕಾದ್ದರಿಂದ ಚಳಿಗಾಳಿ ಬೀಸುವ ಮುನ್ಸೂಚನೆ ಇದ್ದರೆ ಹಿಂದಿನ ಸಂಜೆಯೇ ಹೆಚ್ಚಿಗೆ ಹಾಕಿ. ನಡುಗಲು ಶುರು ಮಾಡಿದ ಮೇಲೆ ಓಡುವುದಲ್ಲ.

ಇನ್ನು ಎಷ್ಟು. ಪ್ರತಿ ಕುದುರೆಗೂ ಒಂದು ಗೆರೆ ಇರುತ್ತದೆ, ತಾಪಮಾನ ಅದಕ್ಕಿಂತ ಕೆಳಗಿಳಿದರೆ ಮೈ ಬೆಚ್ಚಗಿಡಲಿಕ್ಕೇ ಹೆಚ್ಚಿನ ಆಹಾರ ಸುಡಬೇಕು. ಚೆನ್ನಾಗಿ ಚಳಿಗೂದಲು ಬೆಳೆದು, ಮೈ ಒಣಗಿ, ಗಾಳಿಗೆ ಮರೆ ಇರುವ ದೊಡ್ಡ ಕುದುರೆಗೆ ಆ ಗೆರೆ ಸುಮಾರು ಮೈನಸ್ 10 ಡಿಗ್ರಿ ಸೆಲ್ಸಿಯಸ್ ಹತ್ತಿರ. ಕೂದಲು ಕತ್ತರಿಸಿದ, ಚಳಿಗೆ ಒಗ್ಗದ, ಅಥವಾ ಮಳೆಯಲ್ಲಿ ತೊಯ್ದ ಕುದುರೆಗೆ ಅದು ಪ್ಲಸ್ 5ರ ಹತ್ತಿರ. ಗೆರೆಯಿಂದ ಪ್ರತಿ ಡಿಗ್ರಿ ಕೆಳಗೆ ಹೋದಂತೆ ಸುಮಾರು 2 ಶೇಕಡಾ ಹೆಚ್ಚು ಆಹಾರ ಅಂತ ಲೆಕ್ಕ ಇಟ್ಟುಕೊಳ್ಳಿ.

ಇದನ್ನು ಒಂದು ರಾತ್ರಿಯ ಮೇಲೆ ಇಟ್ಟು ನೋಡೋಣ. ಹೊರಗೆ ಮೈನಸ್ 10. ಮರೆಯಲ್ಲಿ ನಿಂತ, ಒಣಗಿದ ಉಣ್ಣೆಯಂಥ ಕೂದಲಿನ ಕುದುರೆಗೆ ಹೆಚ್ಚಿಗೆ ಏನೂ ಬೇಡ, ಅದೇ 10 ಕೆಜಿ. ಪಕ್ಕದಲ್ಲಿ ಮಧ್ಯಾಹ್ನದ ಮಳೆಗೆ ತೊಯ್ದು ಇನ್ನೂ ಒಣಗದ ಕುದುರೆ ನಿಂತಿದೆ, ಅದು ತನ್ನ ಗೆರೆಗಿಂತ 15 ಡಿಗ್ರಿ ಕೆಳಗಿದೆ, 30 ಶೇಕಡಾ ಹೆಚ್ಚು ಬೇಕು, ಅಂದರೆ 3 ಕೆಜಿ. ಒಂದೇ ಅಂಗಳ, ಒಂದೇ ರಾತ್ರಿ, ಎರಡು ಲೆಕ್ಕ. ಥರ್ಮಾಮೀಟರ್ ಒಂದನ್ನೇ ನೋಡಿ ಹುಲ್ಲು ಹಾಕಬೇಡಿ ಅಂತ ನಾನು ಹೇಳುವುದು ಇದಕ್ಕೇ. ಒದ್ದೆಯಾದಾಗ ಕೂದಲು ಮೈಗೆ ಅಂಟಿಕೊಂಡು ಒಳಗೆ ಗಾಳಿ ನಿಲ್ಲುವುದಿಲ್ಲ, ಬೆಚ್ಚಗಿಡುತ್ತಿದ್ದದ್ದು ಆ ಗಾಳಿಯೇ. ಬೆಳಗಿನ ಜಾವದ ಒಂದು ಗಂಟೆಯ ಕೊರೆತಕ್ಕೆ ಗಾಬರಿ ಬೇಡ, ಇಡೀ ದಿನದ ಸರಾಸರಿ ನೋಡಿ. ಮೂರು ಗೋಡೆಯ ಒಂದು ಮಾಡು, ನೀರು ಇಳಿಯದ ಒಂದು ಹೊದಿಕೆ ಇದ್ದರೆ ಎಷ್ಟೋ ಹುಲ್ಲು ಉಳಿಯುತ್ತದೆ.

ಲೆಕ್ಕ ಇಷ್ಟೇ. ಆದರೆ ಲೆಕ್ಕ ಸರಿಯೋ ತಪ್ಪೋ ಅಂತ ಹೇಳುವುದು ನಿಮ್ಮ ಕೈ.

ಚಳಿಗೂದಲು ಕಣ್ಣಿಗೆ ಮೋಸ ಮಾಡುತ್ತದೆ, ನನಗೆ ಮಾಡಿದ ಹಾಗೆ. ಕೈಗವಸು ಬಿಚ್ಚಿ. ಬೆರಳುಗಳನ್ನು ಕೂದಲಿನೊಳಗೆ ತೂರಿಸಿ, ಮುಂಗಾಲಿನ ಹಿಂದಿನಿಂದ ಹಿಡಿದು ಹೊಟ್ಟೆಯ ಕಡೆಗೆ ಪಕ್ಕೆಯ ಮೇಲೆ ಸ್ವಲ್ಪ ಒತ್ತಿ ಎಳೆಯಿರಿ. ಈಗ ನಿಮ್ಮ ಇನ್ನೊಂದು ಕೈಯನ್ನು ಮುಷ್ಟಿ ಕಟ್ಟಿ ಗೆಣ್ಣುಗಳ ಮೇಲೆ ಬೆರಳಾಡಿಸಿ. ಪಕ್ಕೆಲುಬು ಹಾಗೆ ಗಡುಸಾಗಿ, ಎದ್ದು ಎದ್ದು ಸಿಕ್ಕರೆ ಕುದುರೆ ಸೊರಗಿದೆ. ಮುಷ್ಟಿ ಬಿಚ್ಚಿ ಅಂಗೈ ಹಿಂಭಾಗದ ಮೂಳೆಗಳನ್ನು ಮುಟ್ಟಿ ನೋಡಿ, ಮೇಲೆ ತೆಳ್ಳಗಿನ ಪದರ, ಒತ್ತಿದರೆ ಮೂಳೆ ಸಿಗುತ್ತದೆ, ಹಾಗಿದ್ದರೆ ಸರಿಯಾಗಿದೆ. ಅಂಗೈಯ ಹೆಬ್ಬೆರಳ ಬುಡದ ಹಾಗೆ ಮೆತ್ತಗಿದ್ದು ಎಲುಬೇ ಸಿಗದಿದ್ದರೆ ಹುಲ್ಲು ಜಾಸ್ತಿಯಾಗಿದೆ. ಬೆನ್ನೆಲುಬಿನ ಎರಡೂ ಬದಿ, ಬಾಲದ ಬುಡ, ಭುಜದ ಹಿಂದೆ ಕೂಡ ಮುಟ್ಟಿ. 1983ರಲ್ಲಿ ಅಮೆರಿಕದ ಸಂಶೋಧಕ ಡಾನ್ ಹೆನೆಕೆ ಮತ್ತು ಸಂಗಡಿಗರು ಇದನ್ನೇ 1ರಿಂದ 9ರವರೆಗಿನ ಅಂಕಗಳಾಗಿ ಮಾಡಿಟ್ಟರು, 1 ಅಂದರೆ ಎಲುಬಿನ ಗೂಡು, 9 ಅಂದರೆ ವಿಪರೀತ ಕೊಬ್ಬು. ಚಳಿಗಾಲಕ್ಕೆ ಕುದುರೆ 5 ಅಥವಾ 6ರಲ್ಲಿ ಇರಲಿ.

ಎರಡು ವಾರಕ್ಕೊಮ್ಮೆ, ಒಂದೇ ವಾರದ ದಿನ, ಕೈಯಾಡಿಸಿ ಸುತ್ತಳತೆಯನ್ನೂ ಬರೆದಿಡಿ. ಲಾಯದ ಬಾಗಿಲಿನ ಹಿಂದೆ ಸೀಮೆಸುಣ್ಣದಲ್ಲಿ ಬರೆದರೂ ಆಯಿತು, ನಾನು ಹಾಗೇ ಮಾಡುವುದು. ಸುತ್ತಳತೆ ಇಳಿಯುತ್ತಿದ್ದರೆ ದಿನಕ್ಕೆ ಒಂದು ಕೆಜಿ ಏರಿಸಿ, ಎರಡು ವಾರ ಕಾಯಿರಿ, ಮತ್ತೆ ಮುಟ್ಟಿ ನೋಡಿ. ಏರುತ್ತಿದ್ದರೆ ಅರ್ಧ ಕೆಜಿ ಇಳಿಸಿ. ಹುಲ್ಲಿನ ಬಗೆ ಬದಲಿಸುವುದಿದ್ದರೆ ಒಮ್ಮೆಲೇ ಬೇಡ, 7ರಿಂದ 14 ದಿನ ಹಳೆಯದರ ಜೊತೆ ಬೆರೆಸುತ್ತಾ ಹೋಗಿ, ಕರುಳಿನ ಸೂಕ್ಷ್ಮಜೀವಿಗಳಿಗೆ ಹೊಂದಿಕೊಳ್ಳಲು ಸಮಯ ಬೇಕು.

ಹಾಕಿದ ಹುಲ್ಲೆಲ್ಲ ಹೊಟ್ಟೆಗೆ ಹೋಗುತ್ತದೆ ಅಂದುಕೊಂಡಿದ್ದರೆ ಅದೂ ಒಂದು ಮೋಸವೇ. ನೆಲಕ್ಕೆ ಹಾಕಿದರೆ ತುಳಿಯುತ್ತವೆ, ಅದರ ಮೇಲೆ ಮಲಗುತ್ತವೆ, ಲದ್ದಿ ಹಾಕುತ್ತವೆ. ಮಿನ್ನೆಸೋಟಾ ವಿಶ್ವವಿದ್ಯಾಲಯದವರು ದೊಡ್ಡ ಉರುಳೆ ಕಟ್ಟುಗಳನ್ನು ಅಳೆದು ನೋಡಿದಾಗ, ಗೋದಲಿಯೇ ಇಲ್ಲದೆ ಬರೀ ನೆಲದ ಮೇಲಿಟ್ಟರೆ 57 ಶೇಕಡಾ ಹಾಳಾಗಿತ್ತು, ಗೋದಲಿ ಇದ್ದಾಗ ಅದರ ಬಗೆಗೆ ತಕ್ಕಂತೆ 5ರಿಂದ 33. ಅರ್ಧಕ್ಕಿಂತ ಜಾಸ್ತಿ ಹುಲ್ಲು ಕೆಸರಿಗೆ! ಅದಕ್ಕೇ ಬೆಳಗ್ಗೆ ಬಿದ್ದಿರುವುದನ್ನು ಒಂದು ಸಲವಾದರೂ ಗುಡಿಸಿ ತೂಗಿ. ಹಾಕಿದ್ದರಲ್ಲಿ ಅದನ್ನು ಕಳೆದ ಮೇಲೆ ಉಳಿದದ್ದೇ ಕುದುರೆ ತಿಂದ ಲೆಕ್ಕ.

ಸಣ್ಣ ಕಣ್ಣಿನ ಬಲೆ ಚೀಲ, ಅಂದರೆ 3ರಿಂದ 4 ಸೆಂಟಿಮೀಟರ್ ಕಿಂಡಿ ಇರುವಂಥದ್ದು, ನನಗೆ ತುಂಬಾ ಹಿಡಿಸಿದೆ. ಹುಲ್ಲು ಚೆಲ್ಲುವುದಿಲ್ಲ, ಬೇಗ ಮುಗಿಯುವುದೂ ಇಲ್ಲ. ಕುದುರೆಯ ಹೊಟ್ಟೆಯಲ್ಲಿ ತಿಂದರೂ ತಿನ್ನದಿದ್ದರೂ ಆಮ್ಲ ಸುರಿಯುತ್ತಲೇ ಇರುತ್ತದೆ, ಐದಾರು ಗಂಟೆ ಬಾಯಿ ಖಾಲಿ ಇದ್ದರೆ ಹುಣ್ಣಾಗುವ ಅಪಾಯ. ಒಂದು ಕೆಜಿ ಹುಲ್ಲು ತಿನ್ನಲು ಸುಮಾರು 40 ನಿಮಿಷ, ಹಾಗಾಗಿ ಸಂಜೆ ಆರಕ್ಕೆ 4 ಕೆಜಿ ಹಾಕಿ ಮಲಗಿದರೆ ಒಂಬತ್ತಕ್ಕೆ ಖಾಲಿ, ಆಮೇಲೆ ಬೆಳಗಿನವರೆಗೆ ಕುದುರೆ ಸುಮ್ನೆ ಮರ ಕಡಿಯುತ್ತಾ ನಿಂತಿರುತ್ತದೆ. ದಿನದ ಪಾಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ರಾತ್ರಿಗೇ ಇಡಿ, ಬಲೆಯಲ್ಲಿ. ಲಾಳ ಹೊಡೆದ ಕುದುರೆ ಇದ್ದರೆ ಬಲೆ ಎತ್ತರಕ್ಕೆ ಕಟ್ಟಿ, ಕಾಲು ಸಿಕ್ಕಿಹಾಕಿಕೊಂಡರೆ ಕಷ್ಟ. ಗುಂಪಿನಲ್ಲಿ ಸಾಕುವವರು ಕುದುರೆಗಳ ಸಂಖ್ಯೆಗಿಂತ ಒಂದು ರಾಶಿ ಹೆಚ್ಚು ಹಾಕಿ, ದೂರ ದೂರ. ಇಲ್ಲದಿದ್ದರೆ ಜೋರಿನದು ಎರಡು ಪಾಲು ತಿಂದು ಉಬ್ಬುತ್ತದೆ, ಪಾಪದ್ದು ಮೂಲೆಯಲ್ಲಿ ನಿಂತು ಸೊರಗುತ್ತದೆ.

ಹುಲ್ಲಿನ ಗುಣದ ಬಗ್ಗೆ ಚಿಕ್ಕದಾಗಿ. ಎಲೆ ಜಾಸ್ತಿ, ಕಡ್ಡಿ ಕಡಿಮೆ ಇದ್ದರೆ ಸತ್ವ ಹೆಚ್ಚು. ತೆನೆ ಬಲಿತ ಮೇಲೆ ಕೊಯ್ದ ಕಡ್ಡಿ ಹುಲ್ಲಾದರೆ ತೂಕ ಸ್ವಲ್ಪ ಏರಿಸಬೇಕು. ಕುದುರೆ ಮಸಾಲೆ ಸೊಪ್ಪು ಅಂತ ನಾವು ಕರೆಯುವ ಲೂಸರ್ನ್‌ನ ಹೆಸರಲ್ಲೇ ಕುದುರೆ ಇದೆ ಅಂತ ಅದನ್ನೇ ರಾಶಿ ಹಾಕಬೇಡಿ, ಅದರಲ್ಲಿ ಶಕ್ತಿಯೂ ಪ್ರೋಟೀನೂ ಜಾಸ್ತಿ, ಸೊರಗಿದ ಕುದುರೆಗೆ ಪಾಲಿನ ಒಂದು ಭಾಗವಾಗಿ ಬೆರೆಸಿದರೆ ಒಳ್ಳೆಯದು. ಮುಗ್ಗಲು ವಾಸನೆ ಬಂದರೆ, ಬಿಡಿಸಿದಾಗ ಬಿಳಿ ದೂಳು ಎದ್ದರೆ, ಆ ಕಟ್ಟು ಎಷ್ಟೇ ದುಡ್ಡು ಕೊಟ್ಟು ತಂದಿದ್ದರೂ ಆಚೆಗೆ.

ನೀರು ಮರೆತರೆ ಮೇಲಿನದ್ದೆಲ್ಲ ವ್ಯರ್ಥ. ಹಸಿರು ಹುಲ್ಲಿನಲ್ಲಿ ನೀರು ತುಂಬಿರುತ್ತದೆ, ಒಣಹುಲ್ಲಲ್ಲಿ ಇಲ್ಲ, ಹಾಗಾಗಿ ಚಳಿಗಾಲದಲ್ಲಿ ಕುದುರೆ ಕುಡಿಯಬೇಕಾದದ್ದು ಹೆಚ್ಚು, ದಿನಕ್ಕೆ 25ರಿಂದ 45 ಲೀಟರ್. ಆದರೆ ಕೊರೆಯುವ ನೀರನ್ನು ಅದು ಮೂಸಿ ಬಿಟ್ಟುಬಿಡುತ್ತದೆ. ಒಣಹುಲ್ಲು ಕರುಳಲ್ಲಿ ಗಟ್ಟಿಯಾಗಿ ಕಟ್ಟಿಕೊಂಡು ಹೊಟ್ಟೆಶೂಲೆ ಬರುವುದು ಹೀಗೆ. ಬಕೆಟಿಗೆ ಬಿಸಿನೀರು ಬೆರೆಸಿ ಉಗುರುಬೆಚ್ಚಗೆ ಕೊಡಿ, ಉಪ್ಪಿನ ಗಡ್ಡೆ ಇಡಿ. ಲದ್ದಿ ಸಣ್ಣದಾಗಿ, ಒಣಗಿ, ಗಟ್ಟಿಯಾಗಿ ಬೀಳುತ್ತಿದ್ದರೆ ಮೊದಲು ನೀರಿನ ಕಡೆ ನೋಡಿ.

ಇನ್ನು ಈ ಸೂತ್ರಕ್ಕೆ ಬಗ್ಗದವರು. ಗಬ್ಬದ ಕುದುರೆಗೆ ಕೊನೆಯ ಮೂರು ತಿಂಗಳು ಹೆಚ್ಚು ಬೇಕು, ಜೊತೆಗೆ ಬರೀ ಹುಲ್ಲು ಸಾಲದು, ಪಶುವೈದ್ಯರನ್ನು ಕೇಳಿ. ಮುದಿ ಕುದುರೆಯ ಮುಂದೆ ಅರ್ಧ ಅಗಿದ ಹುಲ್ಲಿನ ಉಂಡೆಗಳು ಬಿದ್ದಿದ್ದರೆ ಹಲ್ಲು ಸವೆದಿದೆ ಅಂತ ಅರ್ಥ, ಎಷ್ಟು ಹಾಕಿದರೂ ಪ್ರಯೋಜನವಿಲ್ಲ, ಹಲ್ಲು ತೋರಿಸಿ, ಪುಡಿ ಮಾಡಿ ಒತ್ತಿದ ಮೇವನ್ನು ನೀರಲ್ಲಿ ನೆನೆಸಿ ಕೊಡಿ. ಕೊಬ್ಬಿದ ಕುದುರೆಗೆ ಚಳಿಗಾಲದಲ್ಲಿ ಸ್ವಲ್ಪ ಇಳಿಯಲು ಬಿಡುವುದೇ ಒಳ್ಳೆಯದು, 1.5 ಶೇಕಡಾಕ್ಕೆ ತನ್ನಿ, ಆದರೆ ಅದಕ್ಕಿಂತ ಕೆಳಗೆ ನಿಮ್ಮಷ್ಟಕ್ಕೆ ನೀವೇ ಹೋಗಬೇಡಿ. ಅದರಲ್ಲೂ ದಪ್ಪ ಪೋನಿಯನ್ನು ಉಪವಾಸ ಕೆಡವಿದರೆ ರಕ್ತದಲ್ಲಿ ಕೊಬ್ಬು ಏರಿ ಪ್ರಾಣಕ್ಕೇ ಬರಬಹುದು.

ಕೊನೆಗೆ ದಾಸ್ತಾನು. ದಿನಕ್ಕೆ 11 ಕೆಜಿ, 150 ದಿನ ಅಂದರೆ 1650 ಕೆಜಿ. ಹಾಳಾಗುವುದಕ್ಕೆ, ಅನಿರೀಕ್ಷಿತ ಚಳಿಗೆ 15 ಶೇಕಡಾ ಸೇರಿಸಿದರೆ ಸುಮಾರು 1900 ಕೆಜಿ, ಒಂದು ಕುದುರೆಗೆ. ಕಟ್ಟಿನ ಲೆಕ್ಕದಲ್ಲಿ ಕೊಳ್ಳಬೇಡಿ, ನಾಲ್ಕೈದು ಕಟ್ಟು ತೂಗಿ ಸರಾಸರಿ ತೆಗೆದು ಆಮೇಲೆ ಎಷ್ಟು ಬೇಕು ಅಂತ ಹೇಳಿ. ಚಳಿ ಮುಗಿದ ದಿನವೇ ದಾಸ್ತಾನೂ ಮುಗಿಯುವ ಹಾಗೆ ಲೆಕ್ಕ ಹಾಕಲೂಬೇಡಿ. ಹೊಸ ಚಿಗುರಿಗೆ ಬಿಟ್ಟಾಗ ಮೊದಲ ಎರಡು ಮೂರು ವಾರ ದಿನಕ್ಕೆ ಸ್ವಲ್ಪ ಸ್ವಲ್ಪ ಹೊತ್ತು ಮಾತ್ರ ಮೇಯಿಸಬೇಕು, ಅದೂ ಹೊಟ್ಟೆಗೆ ಒಣಹುಲ್ಲು ಹಾಕಿದ ಮೇಲೆ. ಆ ವಾರಗಳಿಗೂ ಅಟ್ಟದಲ್ಲಿ ಕಟ್ಟುಗಳು ಇರಬೇಕು.