ಕ್ಲಿಪ್ ಹಾಕಿದ ಮೇಲೂ ಹಲ್ಲು ಸೊಟ್ಟ ಅನ್ನಿಸಿದರೆ: ನಾನು ಪರೀಕ್ಷಿಸುವ ಬಗೆ

ದೊಡ್ಡವರು ಕ್ಲಿಪ್ ಹಾಕಿಸಿಕೊಂಡ ಮೂರನೆಯ ತಿಂಗಳಿಗೆ ತಪ್ಪದೆ ಬರುವ ಮಾತು: "ಮೊದಲಿಗಿಂತ ಹಲ್ಲು ಮುಂದೆ ಬಂದ ಹಾಗಿದೆಯಲ್ಲ?" ಉತ್ತರ ಹೇಳುವ ಮುಂಚೆ ಬ್ರಾಕೆಟ್‌ನಲ್ಲಿ, ಅಂದರೆ ಹಲ್ಲಿಗೆ ಅಂಟಿಸಿ ತಂತಿ ಕೂರಿಸುವ ಸಣ್ಣ ತುಣುಕಿನಲ್ಲಿ, ಈಗ ಯಾವ ತಂತಿ ಕೂತಿದೆ ಎಂದು ನೋಡುತ್ತೇನೆ. ಸಾಲು ಸರಿಯಿಲ್ಲ ಎನ್ನುವ ದೂರುಗಳಲ್ಲಿ ಬಹುಪಾಲು ಇಲ್ಲೇ ಇತ್ಯರ್ಥವಾಗುತ್ತವೆ.

ಮೊದಲು ಹಾಕುವುದು 0.014 ಇಂಚಿನ ದುಂಡು ನಿಕ್ಕಲ್-ಟೈಟಾನಿಯಂ ತಂತಿ. ನಾನು ಬಳಸುವ ಬ್ರಾಕೆಟ್‌ನಲ್ಲಿ ತಂತಿ ಕೂರುವ ಸೀಳು 0.022 ಇಂಚು. ಅಷ್ಟು ಅಗಲದ ಸೀಳಿನಲ್ಲಿ ಇಷ್ಟು ಸಣ್ಣ ತಂತಿ ಸಡಿಲವಾಗಿ ಆಡುತ್ತದೆ. ಹಲ್ಲಿನ ತಲೆ ಮಾತ್ರ ವಾಲಿ ಸಾಲಿಗೆ ಬರುತ್ತದೆ, ಬೇರು ಹಿಂದೆಯೇ ಉಳಿಯುತ್ತದೆ. ಆಮೇಲೆ 0.016, ನಂತರ 17×25ರ (0.017×0.025 ಇಂಚಿನ) ಆಯತಾಕಾರದ ತಂತಿ, ಕೊನೆಗೆ 19×25ರ ಸ್ಟೀಲ್. ಈ ಕೊನೆಯದಕ್ಕೂ ಸೀಳಿನಲ್ಲಿ ಸುಮಾರು 10 ಡಿಗ್ರಿ ಆಟ ಇರುತ್ತದೆ. ಹಾಗಾಗಿ ದುಂಡು ತಂತಿ ಇರುವಾಗ ಹಲ್ಲಿನ ಓರೆ ಬಗ್ಗೆ ತೀರ್ಪು ಕೊಡುವುದು ಅರ್ಧ ಬೆಂದ ಅನ್ನದ ರುಚಿ ನೋಡಿದಂತೆ.

ಆದರೆ "ಮುಂದೆ ಬಂತು" ಎನ್ನುವ ದೂರನ್ನು ಹಗುರವಾಗಿ ತಳ್ಳಿಹಾಕುವುದಿಲ್ಲ. ಒತ್ತೊತ್ತಾಗಿ ಮಡಚಿ ನಿಂತಿದ್ದ ಹಲ್ಲುಗಳನ್ನು ಜಾಗ ಮಾಡಿಕೊಡದೆ ಬಿಡಿಸಿದರೆ ಅವು ಮುಂದಕ್ಕೇ ಹೋಗಬೇಕು, ಬೇರೆ ದಾರಿ ಇಲ್ಲ. ಮಕ್ಕಳಿಗಿಂತ ದೊಡ್ಡವರಲ್ಲಿ ಇದು ದುಬಾರಿ. ಕೆಳಗಿನ ಬಾಚಿಹಲ್ಲುಗಳ ಮುಂದಿನ ಮೂಳೆ ತೆಳು, ವಸಡು ಇಳಿದರೆ ತಾನಾಗಿ ಮೇಲೇರದು. ಅದಕ್ಕೇ ಜಾಗ ಸಿಗುವ ತನಕ ಒಳಗೆ ಸಿಕ್ಕಿಕೊಂಡ ಹಲ್ಲನ್ನು ತಂತಿಗೆ ಕಟ್ಟುವುದಿಲ್ಲ. ಮೊದಲು ಕೋರೆಹಲ್ಲನ್ನು ಹಿಂದಕ್ಕೆ ಎಳೆಯುತ್ತೇನೆ, ಇಲ್ಲವೇ ಹಲ್ಲುಗಳ ನಡುವೆ ಎನಾಮೆಲ್ ತುಸು ತೀಡಿ ಜಾಗ ಮಾಡುತ್ತೇನೆ. ಮುಂದೆ ತಳ್ಳಿ ಮತ್ತೆ ಹಿಂದೆ ಎಳೆದರೆ ಬೇರು ಎರಡು ಪ್ರಯಾಣ ಮಾಡಬೇಕಾಗುತ್ತದೆ.

"ಬೇಗ ಆಗಲಿ, ಸ್ವಲ್ಪ ಬಿಗಿ ಮಾಡಿ" ಎನ್ನುವವರಿಗೂ ಒಂದು ಮಾತು. ಬೇರು ಮತ್ತು ಮೂಳೆಯ ನಡುವಿನ ನಾರಿನ ಪದರ ಸುಮಾರು 0.2 ಮಿ.ಮೀ. ಮಾತ್ರ. ಜೋರಾಗಿ ಒತ್ತಿದರೆ ಅಲ್ಲಿನ ರಕ್ತ ನಿಂತು ಆ ಭಾಗ ಸತ್ತಂತಾಗುತ್ತದೆ. ಮೂಳೆ ತಿನ್ನುವ ಜೀವಕೋಶಗಳು ಎದುರಿನಿಂದ ಬರಲಾಗದೆ ಹಿಂಬದಿಯಿಂದ ಕೊರೆಯಬೇಕು. ಹಲ್ಲು ವಾರಗಟ್ಟಲೆ ಅಲ್ಲೇ ನಿಂತುಬಿಡುತ್ತದೆ, ನೋವು ಮಾತ್ರ ಹೆಚ್ಚು. ಜಾಗಕ್ಕಾಗಿ ಕಿತ್ತ ಮುಂದವಡೆಹಲ್ಲಿನ (ಕೋರೆಹಲ್ಲಿನ ಹಿಂದಿನ ಹಲ್ಲಿನ) ಜಾಗ 7 ಮಿ.ಮೀ. ಇದ್ದರೆ, ತಿಂಗಳಿಗೆ ಸುಮಾರು 1 ಮಿ.ಮೀ. ಲೆಕ್ಕದಲ್ಲಿ ಮುಚ್ಚಲೆಂದೇ ಏಳೆಂಟು ತಿಂಗಳು ಬೇಕು. ಒಂದೊಂದು ಬದಿಗೆ 150ರಿಂದ 200 ಗ್ರಾಂ ಬಲ, ಅದನ್ನೂ ಗೇಜ್‌ನಲ್ಲಿ ಅಳೆದು ಹಾಕುತ್ತೇನೆ. ಅದಕ್ಕಿಂತ ಹೆಚ್ಚಾದರೆ ಮುಂದಿನ ಹಲ್ಲು ಹಿಂದೆ ಬರುವ ಬದಲು ದವಡೆಹಲ್ಲೇ ಮುಂದೆ ಜಾರಿ ಜಾಗ ಪೋಲಾಗುತ್ತದೆ.

ನಡುಗೆರೆ (ನಡುವಿನ ಎರಡು ಬಾಚಿಹಲ್ಲು ಕೂಡುವ ಗೆರೆ) ಸರಿದಿದೆ ಎಂದು ಫೋನಿನ ಸೆಲ್ಫಿ ತೋರಿಸುವವರು ಬಹಳ. ಮುಖದ ಹತ್ತಿರ ಹಿಡಿದ ಕ್ಯಾಮೆರಾ ಬಾಚಿಹಲ್ಲನ್ನು ದೊಡ್ಡದಾಗಿ ತೋರಿಸುತ್ತದೆ, ತಲೆ ತುಸು ಓರೆಯಾದರೂ ಸಾಲೇ ಓರೆ ಕಾಣುತ್ತದೆ. ಬೇರೆಯವರಿಂದ ಹಿಂಬದಿಯ ಕ್ಯಾಮೆರಾದಲ್ಲಿ, ಒಂದು ಮೀಟರ್ ದೂರದಿಂದ, ತುಟಿ ಬಿಡಿಸಿ, ಹಿಂದಿನ ಹಲ್ಲು ಕಚ್ಚಿಕೊಂಡು ನಾಲ್ಕು ವಾರಕ್ಕೊಮ್ಮೆ ತೆಗೆಸಿದ ಚಿತ್ರಗಳಿದ್ದರೆ ಮಾತ್ರ ಹೋಲಿಸಬಹುದು.

ನಾನು ಅಳೆಯುವಾಗ ಕುರ್ಚಿ ಒರಗಿಸುವುದಿಲ್ಲ. ನೆಟ್ಟಗೆ ಕೂರಿಸಿ, ಹುಬ್ಬುಗಳ ನಡುವಿನಿಂದ ಮೇಲ್ದುಟಿಯ ಕುಳಿಯ ಮೇಲೆ ಹಾಯುವಂತೆ ಫ್ಲಾಸ್ ದಾರ ಹಿಡಿದು ಮೇಲಿನ ಗೆರೆ ನೋಡುತ್ತೇನೆ. ಆಮೇಲೆ ಬಾಯಿ ತೆರೆಸಿ ಒಮ್ಮೆ, ಮುಚ್ಚಿಸಿ ಒಮ್ಮೆ ಕೆಳಗಿನ ಗೆರೆ. ತೆರೆದಾಗ ಕೂಡಿಕೊಂಡಿದ್ದು ಕಚ್ಚಿದಾಗ ಸರಿದರೆ, ಯಾವುದೋ ಒಂದು ಹಲ್ಲು ಅಡ್ಡಬಂದು ದವಡೆಯನ್ನೇ ಪಕ್ಕಕ್ಕೆ ಜಾರಿಸುತ್ತಿದೆ ಎಂದರ್ಥ; ಮೊದಲು ಆ ಅಡ್ಡಿ ತೆಗೆಯಬೇಕು. ಎರಡೂ ಸಲ ಸರಿದೇ ಇದ್ದರೆ ಅದು ಹಲ್ಲುಗಳ ಸ್ಥಾನದ, ಇಲ್ಲವೇ ದವಡೆಯದೇ ಓರೆಯ ವಿಚಾರ.

ಒಂದು ಮಿ.ಮೀ. ವ್ಯತ್ಯಾಸವನ್ನು ಬೆನ್ನಟ್ಟುವುದಿಲ್ಲ. ಗೆರೆ ಓರೆಯಾಗಿದ್ದರೆ ಮಾತ್ರ ಬಿಡುವುದಿಲ್ಲ. ಸಮನಾಗಿ ಸರಿದ ಗೆರೆಗಿಂತ ವಾಲಿದ ಗೆರೆ ಬೇಗ ಕಣ್ಣಿಗೆ ಚುಚ್ಚುತ್ತದೆ. ಸರಿಪಡಿಸಲು ಒಂದೊಂದು ಬದಿಗೆ ಬೇರೆ ಬೇರೆ ದಿಕ್ಕಿನ ರಬ್ಬರ್: ಕಾಲು ಇಂಚಿನದು, 4.5 ಔನ್ಸ್, ದಿನಕ್ಕೊಮ್ಮೆ ಹೊಸದು, ಊಟ ಮತ್ತು ಹಲ್ಲುಜ್ಜುವುದನ್ನು ಬಿಟ್ಟರೆ ಇಡೀ ದಿನ. ಇದನ್ನು ಸ್ಟೀಲ್ ತಂತಿ ಕೂತ ಮೇಲೆಯೇ ಕೊಡುತ್ತೇನೆ. ಮೆತ್ತನೆಯ ತಂತಿಯ ಮೇಲೆ ಕೊಟ್ಟರೆ ಹಲ್ಲಿನ ಸಾಲೇ ಒಂದು ಕಡೆಗೆ ವಾಲುತ್ತದೆ. ರಾತ್ರಿ ಮಾತ್ರ ಹಾಕಿದರೆ ಹಲ್ಲು ಅಲ್ಲಾಡುತ್ತದೆಯೇ ಹೊರತು ಊರು ಸೇರುವುದಿಲ್ಲ.

ಚಿಕಿತ್ಸೆಯ ಕೊನೆಯಲ್ಲಿ ಎಲ್ಲ ನೆಟ್ಟಗಾದರೂ ಮೇಲಿನ ಹಲ್ಲಿನ ಪಕ್ಕ ಸಣ್ಣ ಸಂದು ಮುಚ್ಚುತ್ತಲೇ ಇಲ್ಲವೇ? ಅದು ತಂತಿಯ ತಪ್ಪಲ್ಲ, ಅಳತೆಯ ತಪ್ಪು. 1958ರಲ್ಲಿ ದಂತವೈದ್ಯ ಬೋಲ್ಟನ್ ಕೊಟ್ಟ ಲೆಕ್ಕದ ಪ್ರಕಾರ ಕೆಳಗಿನ ಆರು ಮುಂದಿನ ಹಲ್ಲುಗಳ ಒಟ್ಟು ಅಗಲ, ಮೇಲಿನ ಆರರ ಶೇ. 77.2 ಇರಬೇಕು. ಮೇಲೆ 46 ಮಿ.ಮೀ. ಇದ್ದರೆ ಕೆಳಗೆ 35.5 ಸಾಕು. 37 ಇದ್ದರೆ ಒಂದೂವರೆ ಮಿ.ಮೀ. ಹೆಚ್ಚಾಯಿತು, ಕೆಳಗಿನ ಐದು ಸಂದಿಗಳಲ್ಲಿ ತಲಾ 0.3 ಮಿ.ಮೀ. ತೀಡಿದರೆ ಲೆಕ್ಕ ಸರಿ. ಹಲ್ಲಿನ ಒಂದು ಪಕ್ಕಕ್ಕೆ 0.25 ಮಿ.ಮೀ. ದಾಟದಂತೆ ನೋಡಿಕೊಂಡು, ತೀಡಿದ ಮೇಲೆ ನುಣುಪು ಮಾಡಿ ಫ್ಲೋರೈಡ್ ಹಚ್ಚುತ್ತೇನೆ. ಮೇಲಿನ ಪಕ್ಕದ ಬಾಚಿಹಲ್ಲೇ ಚಿಕ್ಕದಿದ್ದರೆ ಕೆಳಗೆ ತೀಡದೆ, ಅದಕ್ಕೆ ಕಾಂಪೋಸಿಟ್ (ಹಲ್ಲಿನ ಬಣ್ಣದ ತುಂಬುವ ವಸ್ತು) ಸೇರಿಸಿ ದೊಡ್ಡದು ಮಾಡಿಸುವುದು ಒಳ್ಳೆಯದು. ಈ ಅಳತೆಯನ್ನು ಮೊದಲ ದಿನವೇ ಅಚ್ಚಿನ ಮೇಲೆ ಮಾಡಬೇಕು. ಕೊನೆಯಲ್ಲಿ ಮಾಡಿದರೆ ನೆಪ ಹೇಳಿದಂತೆ ಕೇಳಿಸುತ್ತದೆ.

ವಸಡಿನ ಹತ್ತಿರ ಕಾಣುವ ಕಪ್ಪು ತ್ರಿಕೋನಗಳನ್ನೂ ಅಷ್ಟೇ, ಮೊದಲೇ ಹೇಳಿಬಿಡುತ್ತೇನೆ. ಒಂದರ ಮೇಲೊಂದು ಏರಿದ್ದ ಹಲ್ಲು ನೆಟ್ಟಗಾದಾಗ ಮುಚ್ಚಿಹೋಗಿದ್ದ ಸಂದು ಬಯಲಾಗುತ್ತದೆ. 1992ರಲ್ಲಿ ದಂತವೈದ್ಯ ಟಾರ್ನೋ ಮತ್ತು ಸಂಗಡಿಗರು ಅಳೆದಂತೆ, ಹಲ್ಲುಗಳು ತಾಗುವ ಬಿಂದುವಿನಿಂದ ಮೂಳೆಯ ಅಂಚಿಗೆ 5 ಮಿ.ಮೀ. ಇದ್ದಾಗ ಶೇ. 98 ಕಡೆ ವಸಡು ಸಂದನ್ನು ತುಂಬಿತ್ತು, 6 ಮಿ.ಮೀ.ಗೆ ಶೇ. 56, 7ಕ್ಕೆ ಶೇ. 27. ಮೂಳೆ ಸವೆದ ದೊಡ್ಡವರಲ್ಲಿ ಈ ಅಂತರ ಸಹಜವಾಗಿ ಹೆಚ್ಚು. ಎಕ್ಸ್-ರೇಯಲ್ಲಿ ಅಕ್ಕಪಕ್ಕದ ಹಲ್ಲುಗಳ ಬೇರುಗಳು ಒಂದರಿಂದೊಂದು ದೂರ ವಾಲಿದಂತೆ ಕಂಡರೆ ಬ್ರಾಕೆಟ್ ಕಿತ್ತು ಸರಿಯಾದ ಕೋನದಲ್ಲಿ ಮತ್ತೆ ಅಂಟಿಸುತ್ತೇನೆ. ಬೇರು ಸಮಾನಾಂತರವಿದ್ದು ಹಲ್ಲಿನ ಆಕಾರವೇ ತ್ರಿಕೋನವಾಗಿದ್ದರೆ, ಪಕ್ಕಗಳನ್ನು ತೀಡಿ ಹತ್ತಿರ ಎಳೆದರೆ ತಾಗುವ ಜಾಗ ವಸಡಿನತ್ತ ಇಳಿದು ತ್ರಿಕೋನ ಕಿರಿದಾಗುತ್ತದೆ.

ಬ್ರಾಕೆಟ್ ಮತ್ತೆ ಅಂಟಿಸಿದಾಗ ಇನ್ನೊಂದು ಗಾಬರಿ: "ದಪ್ಪ ತಂತಿ ತೆಗೆದು ಮತ್ತೆ ಸಣ್ಣದು ಹಾಕಿದರು, ಹಿಂದಕ್ಕೆ ಹೋಯಿತು." ಅರ್ಧ ಮಿ.ಮೀ. ಮೇಲೆ ಕೆಳಗೆ ಅಂಟಿದ ಬ್ರಾಕೆಟ್ ಹಲ್ಲಿನ ತುದಿಯಲ್ಲಿ ಮೆಟ್ಟಿಲು ಮಾಡುತ್ತದೆ. ಅದನ್ನು ತಿದ್ದಿದ ಮೇಲೆ ದಪ್ಪ ತಂತಿ ಒಳಗೆ ಕೂರುವುದಿಲ್ಲ, ಬಗ್ಗಿಸಿ ತುರುಕಿದರೆ ಬ್ರಾಕೆಟ್ ಕಿತ್ತುಬರುತ್ತದೆ. ಒಂದೆರಡು ಭೇಟಿ ಹಿಂದೆ ಹೋಗಲೇಬೇಕು.

ತಂತಿಯ ಬದಲು ಅಲೈನರ್ (ತೆಗೆದು ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಟ್ರೇಗಳು) ಹಾಕುವವರು ನೋಡಬೇಕಾದ್ದು ಒಂದೇ: ಹಲ್ಲಿನ ತುದಿಗೂ ಪ್ಲಾಸ್ಟಿಕ್‌ಗೂ ನಡುವೆ ಗಾಳಿ ಇದೆಯೇ. ಒಂದು ಟ್ರೇ ಸುಮಾರು 0.25 ಮಿ.ಮೀ. ಮಾತ್ರ ಸರಿಸುತ್ತದೆ, ಅದೂ ದಿನಕ್ಕೆ 22 ಗಂಟೆ ಹಾಕಿದರೆ. ಮೇಲಿನ ಪಕ್ಕದ ಬಾಚಿಹಲ್ಲಿನ ಬಳಿ ಸಂದು ಕಂಡರೆ ಮುಂದಿನ ಟ್ರೇಗೆ ಹೋಗಬೇಡಿ; ಚ್ಯೂಯಿ (ಟ್ರೇ ಕೂರಿಸಲು ಕಚ್ಚುವ ಮೆತ್ತನೆಯ ಸುರುಳಿ) ಕಚ್ಚುತ್ತಾ ಅದೇ ಟ್ರೇ ಇನ್ನೊಂದು ವಾರ ಹಾಕಿ. ಆಗಲೂ ಕೂರದಿದ್ದರೆ ಹೊಸ ಸ್ಕ್ಯಾನ್. ದುಂಡಗಿರುವ ಕೋರೆಹಲ್ಲು ತಿರುಗಲು ಹಟ ಮಾಡುತ್ತದೆ, ಹಲ್ಲಿನ ಮೇಲೆ ಸಣ್ಣ ಉಬ್ಬು ಅಂಟಿಸದೆ ಪ್ಲಾಸ್ಟಿಕ್‌ಗೆ ಹಿಡಿತ ಸಿಗುವುದಿಲ್ಲ.

ನನಗೆ ನಿಜವಾಗಿ ಆತಂಕ ತರುವವು ಎರಡು. ಹಿಂದೆ ಪೆಟ್ಟು ಬಿದ್ದ ಹಲ್ಲು ತಾನು ಕದಲದೆ ಅಕ್ಕಪಕ್ಕದವನ್ನು ಒಳಗೆ ಒತ್ತುತ್ತಿದ್ದರೆ ಅದು ಮೂಳೆಗೆ ಬೆಸೆದಿರಬಹುದು. ತಟ್ಟಿದರೆ ಲೋಹದಂಥ ಸದ್ದು ಬರುತ್ತದೆ. ತಕ್ಷಣ ಅದನ್ನು ತಂತಿಯಿಂದ ಬಿಡಿಸುತ್ತೇನೆ. ಎರಡನೆಯದು ಬೇರು ಮೊಟಕಾಗುವುದು. ಆರರಿಂದ ಒಂಬತ್ತು ತಿಂಗಳಿಗೆ ಬಾಚಿಹಲ್ಲುಗಳ ಎಕ್ಸ್-ರೇ ತೆಗೆಸುತ್ತೇನೆ. ಬೇರು ಗಿಡ್ಡವಾಗಿದ್ದರೆ ಬಲವಿಲ್ಲದ ತಂತಿ ಹಾಕಿ ಮೂರು ತಿಂಗಳು ವಿಶ್ರಾಂತಿ.

ಕ್ಲಿಪ್ ತೆಗೆದ ಮೇಲೆ ಬೇರಿನ ಸುತ್ತಣ ನಾರುಗಳು ಕೆಲವು ತಿಂಗಳಲ್ಲಿ ಹೊಂದಿಕೊಂಡರೂ ವಸಡಿನ ಕೊರಳಿನ ಹಿಗ್ಗುವ ನಾರುಗಳಿಗೆ ಹತ್ತಿರ ಹತ್ತಿರ ವರ್ಷ ಬೇಕು; ತಿರುಗಿದ್ದ ಹಲ್ಲು ಮತ್ತೆ ತಿರುಗುವುದು ಅವುಗಳಿಂದಲೇ. ಹಲ್ಲು ಮತ್ತೆ ಸರಿಯದಂತೆ ಒಳಬದಿಗೆ ಅಂಟಿಸಿದ ತಂತಿಯ ಒಂದು ಅಂಟು ಬಿಟ್ಟರೂ ಉಳಿದವು ಹಿಡಿದಿರುವುದರಿಂದ ಗೊತ್ತೇ ಆಗುವುದಿಲ್ಲ. ವಾರಕ್ಕೊಮ್ಮೆ ಒಂದೊಂದು ಅಂಟನ್ನೂ ಉಗುರಿನಿಂದ ಒತ್ತಿ ನೋಡಬೇಕು. ಅಲ್ಲಾಡಿದರೆ ತೆಗೆದಿಟ್ಟ ಪ್ಲಾಸ್ಟಿಕ್ ರಿಟೇನರನ್ನು (ಹಲ್ಲನ್ನು ಇದ್ದಲ್ಲೇ ಹಿಡಿದಿಡುವ ಟ್ರೇಯನ್ನು) ಅಂದೇ ಹಾಕಿಕೊಂಡು, ಮತ್ತೆ ಅಂಟಿಸುವ ತನಕ ತೆಗೆಯಬಾರದು. ಅದೂ ಬಿಗಿಯಾಗಿ ಕೂತರೆ ಹಲ್ಲು ಆಗಲೇ ಹೊರಟಿದೆ.