ಲೀತ್ ಹಿಲ್ ಇಳಿಜಾರಿನಲ್ಲಿ ಬಸಿಗಾಲುವೆ

ಲೀತ್ ಹಿಲ್ ಎತ್ತರ 294 ಮೀಟರ್. ಇಂಗ್ಲೆಂಡಿನ ಸರ್ರೆ ಕೌಂಟಿಗೆಲ್ಲ ಅದೇ ಶಿಖರ. 1343 ಮೀಟರಿನ ಕೊಡಚಾದ್ರಿ ಹತ್ತಿ ಬೆಳೆದ ನನ್ನಂಥ ಸಾಗರದ ಕಡೆಯವನಿಗೆ ಇದನ್ನು ಗುಡ್ಡ ಅಂತ ಕರೆಯೋಕೇ ಮುಜುಗರ. ಗಿಲ್ಡ್‌ಫರ್ಡ್‌ಗೆ ಕೆಲಸಕ್ಕೆ ಬಂದ ಹೊಸತರಲ್ಲಿ ಆಫೀಸಿನ ಗೆಳೆಯರು ಭಾನುವಾರ ಸರ್ರೆ ಹಿಲ್ಸ್‌ಗೆ ಮೌಂಟನ್ ಬೈಕಿಂಗ್‌ಗೆ, ಅಂದರೆ ಗುಡ್ಡದ ಕಾಡುಹಾದಿಗಳಲ್ಲಿ ಸೈಕಲ್ ಹೊಡೆಯಲು, ಕರೆದಾಗ ಒಳಗೊಳಗೇ ನಕ್ಕಿದ್ದೆ.

ಆ ನಗು ನಿಂತದ್ದು ಪಕ್ಕದ ಹೋಂಬರಿ ಹಿಲ್‌ನಲ್ಲಿ. ನವೆಂಬರ್ ತಿಂಗಳು, ಹಿಂದಿನ ರಾತ್ರಿ ಮಳೆ, ಹಾದಿಗೆ ಓರೆಯಾಗಿ ಬಿದ್ದಿದ್ದ ಒಂದು ಬೀಚ್ ಮರದ ಬೇರು. ಮುಂದಿನ ಚಕ್ರ ಬೇರನ್ನು ದಾಟಲಿಲ್ಲ, ಅದರ ಗುಂಟವೇ ಜಾರಿತು. ನಾನು ಮಾಡಿದ್ದು ಎರಡು ತಪ್ಪು: ಬೇರಿನ ಮೇಲಿದ್ದಾಗಲೇ ಬ್ರೇಕ್ ಹಿಡಿದೆ, ಬೀಳುವಾಗ ಕೈ ಊರಿದೆ. ಹೆಬ್ಬೆರಳು ಉಳುಕಿ ಆರು ವಾರ ಚಪಾತಿ ಹಿಟ್ಟು ಕಲಸುವ ಪಾಳಿಯಿಂದ ಬಿಡುಗಡೆ ಸಿಕ್ಕಿತು. ಹೆಂಡತಿ ಮಾತ್ರ ಅದನ್ನು ಇನ್ನೂ ಮರೆತಿಲ್ಲ.

ಕೈ ಸರಿಯಾಗುವ ತನಕ ಸೈಕಲ್ ಮುಟ್ಟುವ ಹಾಗಿರಲಿಲ್ಲ. ಹಾಗಂತ ಮನೆಯಲ್ಲಿ ಕೂರಲೂ ಆಗಲಿಲ್ಲ. ಗೊಮ್‌ಶಲ್‌ವರೆಗೆ ರೈಲು, ಅಲ್ಲಿಂದ ಪೀಸ್ಲೇಕ್ ಹಳ್ಳಿಗೆ ನಡಿಗೆ, ಆಮೇಲೆ ಅವೇ ಹಾದಿಗಳನ್ನು ಕೆಳಗಿನಿಂದ ಮೇಲಕ್ಕೆ ಅಂಚಿನಲ್ಲೇ ಹತ್ತುವುದು. ಸವಾರರು ಬಂದರೆ ಮರದ ಮರೆಗೆ ಸರಿದು ನೋಡುತ್ತ ನಿಲ್ಲುವುದು. ಈ ಕ್ರೀಡೆಯಲ್ಲಿ ನಾನು ಏನಾದರೂ ಕಲಿತಿದ್ದರೆ ಅದರ ಮುಕ್ಕಾಲು ಪಾಲು ಆ ಆರು ವಾರಗಳಲ್ಲಿ, ಸೈಕಲ್ ಇಲ್ಲದೆ.

ಮೊದಲು ಕಂಡದ್ದು ಮಣ್ಣು. ಲೀತ್, ಹೋಂಬರಿ, ಪಿಚ್ ಮೂರೂ ಗ್ರೀನ್‌ಸ್ಯಾಂಡ್ ಅನ್ನುವ ಮರಳುಗಲ್ಲಿನ ಸಾಲು. ನೀರು ಬಿದ್ದರೆ ಹೀರಿಕೊಳ್ಳುತ್ತದೆ, ಎರಡು ಒಣ ದಿನ ಸಿಕ್ಕರೆ ಹಾದಿ ಮತ್ತೆ ಗಟ್ಟಿ. ಇಲ್ಲಿಂದ ಸ್ವಲ್ಪ ಉತ್ತರಕ್ಕೆ ಹೋದರೆ ನಾರ್ತ್ ಡೌನ್ಸ್, ಅಲ್ಲಿ ಸುಣ್ಣದ ಕಲ್ಲು. ಒದ್ದೆಯಾದ ಸುಣ್ಣದ ಮೇಲೆ ಸೈಕಲ್ ಓಡಿಸುವುದೂ ಪಾಚಿಗಟ್ಟಿದ ಅಂಗಳದಲ್ಲಿ ಓಡುವುದೂ ಒಂದೇ, ಜೊತೆಗೆ ಟೈರ್ ಸೀಳುವ ಚೂಪಾದ ಫ್ಲಿಂಟ್ ಕಲ್ಲು ಬೇರೆ. ಸಾಲಿನ ದಕ್ಷಿಣಕ್ಕಿಳಿದರೆ ಜೇಡಿಮಣ್ಣು. ಅಲ್ಲಿ ಚಳಿಗಾಲದಲ್ಲಿ ಚಕ್ರ ತಿರುಗುವುದೇ ನಿಂತು, ಸೈಕಲ್ಲನ್ನು ಹೆಗಲಿಗೆ ಹಾಕಿಕೊಂಡು ಬರಬೇಕಾಗುತ್ತದೆ. ಈಗ ಜನವರಿಯಲ್ಲಿ ಎಲ್ಲಿಗೆ ಹೋಗೋಣ ಅಂತ ಯಾರಾದರೂ ಕೇಳಿದರೆ ಮರಳಿನ ಗುಡ್ಡಕ್ಕೆ ಅಂತೇನೆ, ಹೆಚ್ಚು ಯೋಚಿಸುವುದಿಲ್ಲ.

ಎರಡನೆಯದು, ಚೆನ್ನಾಗಿ ಓಡಿಸುವವರು ಬ್ರೇಕ್ ಹಿಡಿಯುವ ಜಾಗ. ತಿರುವಿನ ಒಳಗೆ ಅಲ್ಲ, ಅದಕ್ಕೂ ಮೊದಲು, ನೆಟ್ಟಗಿರುವ ತುಂಡಿನಲ್ಲಿ, ಒಂದೇ ಬೆರಳಿನಲ್ಲಿ. ತಿರುವಿಗೆ ಬರುವ ಹೊತ್ತಿಗೆ ಕೈ ಸಡಿಲ, ಹಿಮ್ಮಡಿ ಕೆಳಗೆ, ಕಣ್ಣು ತಿರುವಿನ ಆಚೆ ಕೊನೆಗೆ. ಬೇರು ಬಂದರೆ ಚಕ್ರವನ್ನು ಅದಕ್ಕೆ ಅಡ್ಡಡ್ಡ ತಂದು ಸುಮ್ಮನೆ ಉರುಳಲು ಬಿಡುತ್ತಾರೆ. ನಾನು ಬಿದ್ದ ಬೇರಿನ ಹತ್ತಿರ ಒಂದು ಗಂಟೆ ನಿಂತು ನೋಡಿದೆ. ಒಬ್ಬರೂ ಬೀಳಲಿಲ್ಲ, ಒಬ್ಬರೂ ಅಲ್ಲಿ ಬ್ರೇಕ್ ಹಿಡಿಯಲಿಲ್ಲ.

ಸಲಕರಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಕೊನೆಯಿಲ್ಲದ ಹುಚ್ಚು. ನನ್ನದು ಹಿಂದೆ ಸಸ್ಪೆನ್ಷನ್ ಇಲ್ಲದ, ಮುಂದೆ 120 ಮಿಲಿಮೀಟರ್ ಕುಗ್ಗುವ ಫೋರ್ಕ್ ಇರುವ ಸೆಕೆಂಡ್ ಹ್ಯಾಂಡ್ ಸೈಕಲ್. ನಿಜವಾಗಿ ಪ್ರಯೋಜನಕ್ಕೆ ಬಂದ ಬದಲಾವಣೆ ಎರಡೇ. ಒಂದು, ಇಳಿಯುವಾಗ ಗುಂಡಿ ಒತ್ತಿದರೆ ಕೆಳಗಿಳಿಯುವ ಸೀಟು. ಇನ್ನೊಂದು, ಟ್ಯೂಬ್‌ಲೆಸ್ ಟೈರ್. ನನ್ನ 70 ಕೆಜಿ ತೂಕಕ್ಕೆ ಮುಂದೆ 23, ಹಿಂದೆ 26 ಪಿಎಸ್ಐ ಗಾಳಿ. ಮೊದಲು 40 ತುಂಬಿಸಿಕೊಂಡು ಚೆಂಡಿನ ಹಾಗೆ ಪುಟಿಯುತ್ತಿದ್ದೆ. ಶರತ್ಕಾಲದಲ್ಲಿ ರೈತರು ಬೇಲಿಯ ಹಾಥಾರ್ನ್ ಗಿಡ ಸವರುತ್ತಾರೆ, ದಾರಿ ತುಂಬ ಮುಳ್ಳು. ಟೈರಿನೊಳಗಿನ ಅಂಟುದ್ರವ ಆ ತೂತುಗಳನ್ನು ತಾನೇ ಮುಚ್ಚುತ್ತದೆ.

ಇಲ್ಲಿನ ಹಾದಿಗಳಿಗೆಲ್ಲ ಹೆಸರುಂಟು, ಆದರೆ ಎಷ್ಟೋ ಕಡೆ ಬೋರ್ಡಿಲ್ಲ. ಹೆಸರು ಬಾಯಿಂದ ಬಾಯಿಗೆ ಬಂದದ್ದು. ಹೋಂಬರಿಯ ಒಂದು ಹಾದಿಗೆ 'ಬ್ಯಾರಿ ನೋಸ್ ಬೆಸ್ಟ್', ಅಂದರೆ ಬ್ಯಾರಿ ಅನ್ನುವವನಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಇನ್ನೊಂದಕ್ಕೆ 'ಯೋಗರ್ಟ್ ಪಾಟ್ಸ್'. ಮರಗಳ ನಡುವೆ ಸಾಲಾಗಿ ಏರುತಗ್ಗು, ನನ್ನ ಬಾಯಲ್ಲಿ ಅದು ಮೊಸರು ಕುಡಿಕೆ ಅಂತಲೇ ಆಗಿದೆ. ಎಲ್ಲಿ ಸುತ್ತಿದರೂ ಕೊನೆಗೆ ಎಲ್ಲರೂ ಸೇರುವುದು ಪೀಸ್ಲೇಕ್‌ನ ಹಳ್ಳಿ ಅಂಗಡಿಯ ಮುಂದೆ, ಚೀಸ್ ಸ್ಟ್ರಾ ಅನ್ನುವ ಕಡ್ಡಿಯಂಥ ಬಿಸಿ ತಿಂಡಿ ತಿನ್ನಲು. ಕೆಸರು ಮೆತ್ತಿದ ಮುಖಗಳ ನಡುವೆ ಯಾವ ಹಾದಿ ಹೇಗಿದೆ ಅನ್ನುವ ಸುದ್ದಿ ಸಿಗುವುದೂ ಅಲ್ಲೇ.

ಎಲ್ಲಿ ಓಡಿಸಬಹುದು ಅನ್ನುವುದನ್ನು ನಾನು ಬೈಸಿಕೊಂಡು ಕಲಿತೆ. ನಾಯಿ ಹಿಡಿದು ಬರುತ್ತಿದ್ದ ಅಜ್ಜಿಯೊಬ್ಬರು ಕೋಲು ಅಡ್ಡ ಹಿಡಿದು 'ಇದು ಕಾಲುದಾರಿ' ಅಂದರು. ಅವರು ಹೇಳಿದ್ದು ಸರಿ. ಇಂಗ್ಲೆಂಡಿನಲ್ಲಿ ಕಾಲುದಾರಿ ನಡೆಯುವವರಿಗೆ ಮಾತ್ರ. ಬ್ರೈಡಲ್‌ವೇ ಅನ್ನುವ ಕುದುರೆ ಹಾದಿಯಲ್ಲಿ ಸೈಕಲ್ಲಿಗೆ ಹಕ್ಕು ಸಿಕ್ಕಿದ್ದು 1968ರ ಕಂಟ್ರಿಸೈಡ್ ಆಕ್ಟ್‌ನಿಂದ, ಅದೂ ನಡೆಯುವವರಿಗೂ ಕುದುರೆಯವರಿಗೂ ದಾರಿ ಬಿಡಬೇಕು ಅನ್ನುವ ಷರತ್ತಿನ ಮೇಲೆ. 1:25,000 ಅಳತೆಯ ಆರ್ಡ್‌ನನ್ಸ್ ಸರ್ವೆ ನಕ್ಷೆಯಲ್ಲಿ ಸಣ್ಣ ಹಸಿರು ಗೀಟುಗಳ ಸಾಲು ಕಾಲುದಾರಿ, ಉದ್ದ ಗೀಟುಗಳದ್ದು ಕುದುರೆ ಹಾದಿ. ಕಾಡಿನೊಳಗಿನ ಉಳಿದ ಹಾದಿಗಳೆಲ್ಲ ಜಮೀನಿನ ಯಜಮಾನರ ಒಪ್ಪಿಗೆಯ ಮೇಲೆ ನಿಂತಿವೆ. ಕುದುರೆ ಎದುರಾದರೆ ನಾನು ದೂರದಿಂದಲೇ ಜೋರಾಗಿ 'ಗುಡ್ ಮಾರ್ನಿಂಗ್' ಅಂತೇನೆ. ಸವಾರರಿಗೆ ಅಂದಂತೆಯೂ ಆಯಿತು, ಬರುತ್ತಿರುವುದು ಮನುಷ್ಯ ಅಂತ ಕುದುರೆಗೆ ತಿಳಿದಂತೆಯೂ ಆಯಿತು.

ಮೂರನೆಯ ಪಾಠ ನೀರಿನದು. ನಡೆದು ನೋಡುವಾಗ ಒಂದು ಕೆಸರುಗುಂಡಿಯ ಸುತ್ತ ಹಾದಿ ಮೂರು ಪಟ್ಟು ಅಗಲವಾದದ್ದು ಕಂಡೆ. ಎಲ್ಲರೂ ಬಟ್ಟೆ ಕೆಡದಿರಲಿ ಅಂತ ಬಳಸಿ ಹೋಗುತ್ತಾರೆ, ಅಂಚಿನ ಗಿಡ ಸಾಯುತ್ತದೆ, ಗುಂಡಿ ಬೆಳೆಯುತ್ತದೆ. ನಡುವೆಯೇ ಹೋಗಬೇಕು, ಮೈ ಕೆಸರಾದರೂ ಸರಿ. ಹಿಂದಿನ ಚಕ್ರಕ್ಕೆ ಬ್ರೇಕ್ ಕಚ್ಚಿಸಿ ಜಾರಿಸುವವರು ನೆಲದಲ್ಲಿ ಗೀರು ಎಳೆಯುತ್ತಾರೆ. ಮುಂದಿನ ಮಳೆಗೆ ಆ ಗೀರೇ ಕಾಲುವೆ.

ಇದನ್ನೆಲ್ಲ ಅಂಗಡಿ ಮುಂದೆ ಹೇಳುತ್ತಿದ್ದಾಗ ಪಕ್ಕದಲ್ಲಿದ್ದವರು 'ಹಾಗಾದರೆ ಶನಿವಾರ ಬಾ' ಅಂದರು. ಯಜಮಾನರ ಅನುಮತಿ ಪಡೆದು ಹಾದಿ ರಿಪೇರಿ ಮಾಡುವ ಸ್ವಯಂಸೇವಕರ ಗುಂಪು. ಹೋದೆ. ಕೈಗೆ ಸ್ಪೇಡ್ ಕೊಟ್ಟರು. ಕಾಲಿನಲ್ಲಿ ತುಳಿದು ನೆಲಕ್ಕಿಳಿಸುವ ಸಾಮಾನು ಅದು. ನಮ್ಮ ಗುದ್ದಲಿಯಂತೆ ಎತ್ತಿ ಹೊಡೆಯಲು ಹೋಗಿ ಎಲ್ಲರನ್ನೂ ನಗಿಸಿದೆ. ಕೆಲಸದ ತತ್ವ ಮಾತ್ರ ಹೊಸದಾಗಿರಲಿಲ್ಲ. ನೆತ್ತಿಯಿಂದ ನೆಟ್ಟಗೆ ಇಳಿದ ಹಾದಿ ಹಳ್ಳವಾಗುತ್ತದೆ. ಅದಕ್ಕೇ ಹಾದಿಯ ಇಳುಕಲು ಗುಡ್ಡದ ಇಳುಕಲಿನ ಅರ್ಧ ದಾಟಬಾರದು. ಹೊರ ಅಂಚು ತುಸು ತಗ್ಗಿರಬೇಕು, ನೀರು ಅಡ್ಡ ಹರಿದು ಹೋಗಲಿ ಅಂತ. ಅಡಿಕೆ ತೋಟದಲ್ಲಿ ಅಪ್ಪಯ್ಯ ಬಸಿಗಾಲುವೆ ತೆಗೆಸುವಾಗ ಹೇಳುತ್ತಿದ್ದದ್ದೂ ಇದನ್ನೇ.

ಆ ದಿನ ನಮಗೆ ಸಿಕ್ಕದ್ದು ಒಂದು ಬರ್ಮ್. ಅಂದರೆ ತಿರುವಿನ ಹೊರಗೆ ಬಾಣಲೆಯ ಅಂಚಿನಂತೆ ಎತ್ತರಿಸಿದ ಮಣ್ಣಿನ ದಂಡೆ. ವೇಗವಾಗಿ ಬಂದವರಿಗೆ ಅದು ಒರಗು. ಆದರೆ ಬಾಣಲೆ ಅಂದಮೇಲೆ ತಳದಲ್ಲಿ ನೀರು ನಿಲ್ಲಲೇಬೇಕು. ಆದ್ದರಿಂದ ನೀರನ್ನು ತಿರುವಿಗೆ ಬರುವ ಮೊದಲೇ ತಡೆಯಬೇಕು. ಹತ್ತು ಹೆಜ್ಜೆ ಮೇಲೆ ಹಾದಿಯಲ್ಲೊಂದು ಮೆತ್ತನೆಯ ತಗ್ಗು ಮಾಡಿ, ಅಲ್ಲಿಂದ ಗುಡ್ಡದ ಇಳಿಜಾರಿನ ಕಡೆಗೆ ಎರಡು ಮಾರು ಉದ್ದದ, ಅಂಗೈ ಆಳದ ಕಾಲುವೆ ತೆಗೆದೆವು. ಮಧ್ಯಾಹ್ನದ ತನಕ ನಾಲ್ಕು ಜನರ ಕೆಲಸ.

ಸಂಜೆ ಫೋನಿನಲ್ಲಿ ಹೇಳಿದರೆ ಅಪ್ಪಯ್ಯ ನಕ್ಕರು. "ಇಲ್ಲಿ ಬಸಿಗಾಲುವೆ ತೆಗಿ ಅಂದ್ರೆ ಬೆನ್ನು ನೋವು ಅಂತಿದ್ದೆ. ಅಲ್ಲಿ ಹೋಗಿ ಪುಕ್ಕಟೆ ತೆಗಿತಿದ್ಯನಾ ಮಾಣಿ?"

ಅಮ್ಮ ಕೇಳಿದ್ದು ಬೇರೆ, ಅಲ್ಲಿ ಉಣುಗು ಇದೆಯಾ ಅಂತ. ಇದೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದ ಸೀಮೆಯವರಿಗೆ ಉಣುಗಿನ ಭಯ ಹೇಳಿಕೊಡಬೇಕಿಲ್ಲ. ಇಲ್ಲಿನ ಉಣುಗು ತರುವುದು ಲೈಮ್ ಕಾಯಿಲೆ. ಬೇಸಿಗೆಯಲ್ಲಿ ಬ್ರಾಕನ್ ಜರಿಗಿಡ ಸೊಂಟದೆತ್ತರ ಬೆಳೆದಾಗ ಮನೆಗೆ ಬಂದ ಕೂಡಲೇ ಮಂಡಿಯ ಹಿಂದೆ, ಸೊಂಟದ ಸುತ್ತ ನೋಡಿಕೊಳ್ಳುತ್ತೇನೆ. ಕಚ್ಚಿಕೊಂಡಿದ್ದರೆ ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು, ಹಿಸುಕದೆ, ನೆಟ್ಟಗೆ ಎಳೆಯುವುದು.

ಮರುವಾರ ಮೂರು ದಿನ ಬಿಡದೆ ಮಳೆ ಹಿಡಿಯಿತು. ಶನಿವಾರ ಬೆಳಿಗ್ಗೆ ಸೈಕಲ್ ಬಿಟ್ಟು ಬೂಟು ಹಾಕಿಕೊಂಡೇ ಹೋದೆ. ಬರ್ಮ್ ಒಳಗೆ ನೀರಿರಲಿಲ್ಲ. ಮೇಲಿನ ತಗ್ಗಿನಲ್ಲಿ ಬೆರಳು ದಪ್ಪದ ಧಾರೆ ತಿರುಗಿ ನಮ್ಮ ಕಾಲುವೆಗೆ ಇಳಿಯುತ್ತಿತ್ತು. ವಿಡಿಯೋ ಮಾಡಿ ಊರಿಗೆ ಕಳಿಸಿದೆ. ಅಪ್ಪಯ್ಯನ ಉತ್ತರ ಅರ್ಧ ಗಂಟೆಯಲ್ಲಿ ಬಂತು. "ಬಾಯಿ ಸಣ್ಣ ಆತು. ಇನ್ನೊಂದು ಮಳೆಗೆ ತರಗೆಲೆ ತುಂಬ್ತು ನೋಡು."

ಮುಂದಿನ ಶನಿವಾರ ಹೋದಾಗ ಬೀಚ್ ಎಲೆ ಕಾಲುವೆಯ ಬಾಯಿಗೆ ಅಟ್ಟಿ ಕಟ್ಟಿತ್ತು. ಆಮೇಲಿಂದ ಬೆನ್ನಚೀಲದಲ್ಲಿ ಪಂಪು, ಪ್ಯಾಚಿನ ಜೊತೆ ಮಡಚುವ ಸಣ್ಣ ಸಲಿಕೆಯೂ ಇರುತ್ತದೆ.